ಬಿದ್ದ ಮರದ ನೊಣ ಮತ್ತು ನಮ್ಮ ಭಾವ

ನಮ್ಮ ಭಾವನಿಗೆ ಮನುಷ್ಯರ ಬಳಕೆ ಅಷ್ಟಿಲ್ಲ. ಅವರ ನೆಂಟಸ್ತಿಕೆಯೆಲ್ಲ ನೊಣಗಳ ಜೊತೆ! ಸಂಬಳಕ್ಕೆ ದುಡಿಯುತ್ತಿದ್ದುದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ. ಮನಸ್ಸು ಮಾತ್ರ ಓದಿನ ಕಾಲದ ಸ್ವೀಡನ್ನಿನಲ್ಲೇ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಒಂದು ಕಂದು ನೊಣದ ಹಿಂದೆ. ಅದರ ಮರಿಹುಳ ಬದುಕುವುದು ಬಿದ್ದ ಆಸ್ಪೆನ್ ಮರದ ತೊಗಟೆಯಡಿಯ ಕೊಳೆತ ರಸದಲ್ಲಂತೆ. ಅಕ್ಕ ಸಾರು ಬಡಿಸುವ ಹೊತ್ತಿಗೇ ಇದರ ವರ್ಣನೆ. ಸಾರು ಯಾರ ಗಂಟಲಲ್ಲಿ ಇಳಿದೀತು?

"ಆ ಬಳಗದ ಎಷ್ಟೋ ನೊಣಗಳಿಗೆ ಕಣಜದ ಹುಳದ ವೇಷ. ಕೊಂಡಿ ಇರಲ್ಲ" ಎನ್ನುತ್ತಾ, ಮಾರ್ಗನ್ ಹಿಲ್ಲಿನ ಪಾರ್ಕಿನಲ್ಲಿ ನಾವೆಲ್ಲ ಬಿಸಿಬೇಳೆಬಾತ್ ತಿನ್ನುತ್ತಿದ್ದಾಗ ಹಳದಿ ಪಟ್ಟೆಯದೊಂದನ್ನು ಬರಿಗೈಯಲ್ಲಿ ಹಿಡಿದು ತೋರಿಸಿದರು. ಅಂಗೈ ಊದಿಕೊಂಡಿತು.

"ಇದು ಅಸಲಿ" ಎಂದರು, ವಿಜ್ಞಾನಿಯ ಗಾಂಭೀರ್ಯ ಬಿಡದೆ.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾನು ಕೆಲಸಕ್ಕಿದ್ದ ಡಾಟ್‌ಕಾಮ್ ಕಂಪನಿ ಬಾಗಿಲು ಹಾಕಿತ್ತು. ಬೇಗ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗಿ ದೇಶ ಬಿಡಬೇಕು. ನಮ್ಮ ವಂಶಕ್ಕೇ ಮೊದಲ ಡಿಗ್ರಿ ನನ್ನದು. ಹಾಸ್ಟೆಲಿನ ನೀರುಸಾರು ಕುಡಿದು ಪಡೆದದ್ದು. ಅದನ್ನು ಸೂಟ್‌ಕೇಸಿನಲ್ಲಿ ಮಡಚಿಟ್ಟುಕೊಂಡು ಮಂಡ್ಯಕ್ಕೆ ಹೇಗೆ ಇಳಿಯಲಿ? ಫೋನು ಸದ್ದು ಮಾಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮಾಡದಿದ್ದರೆ ಇನ್ನೂ ಜೋರಾಗಿ.

"ರಸ ಒಣಗಿದ ಮರದ ಮೇಲೆ ಆ ನೊಣ ಅಳ್ತಾ ಕೂರಲ್ಲ ಕಣೋ. ಹೊಸದಾಗಿ ಬಿದ್ದಿರೋ ಮರ ಹುಡುಕ್ಕೊಂಡು ಹಾರತ್ತೆ" ಎಂದು ಭಾವ ಧೈರ್ಯ ಹೇಳಿದರು.

"ಅದಕ್ಕೆ ವೀಸಾ ಬೇಡ, ಭಾವ."

ಕೊನೆಗೆ ಪ್ಲೆಸೆಂಟನ್ನಿನಲ್ಲೊಂದು ಇಂಟರ್‌ವ್ಯೂ ಸಿಕ್ಕಿತು. ಭಾವ ರಜೆ ಹಾಕಿ ತಾವೇ ಕಾರು ತೆಗೆದರು. ಫ್ರೀವೇಯಲ್ಲಿ ಎಲ್ಲರೂ ನಮ್ಮನ್ನು ದಾಟಿ ಹೋಗುವವರೇ. ಗಾಜಿಗೆ ಏನೋ ಪಟ್ಟೆಂದು ಬಡಿಯಿತು.

"ಯಾವುದು ನೋಡೋ ಅದು."

"ಭಾವ, ನೀವು ರೋಡು ನೋಡಿ!"

ಇಂಟರ್‌ವ್ಯೂನಲ್ಲಿ ಮೂವರು ಸರದಿಯ ಮೇಲೆ ನನ್ನನ್ನು ಹಿಂಡಿದರು. ಆಮೇಲೆ, ಸೋಮವಾರ ತಿಳಿಸುತ್ತೇವೆ ಎಂದರು. ಹಾಗೆಂದರೇನು? ಒಳ್ಳೆಯದೋ, ಕೆಟ್ಟದ್ದೋ? ಕಾಲೆಳೆದುಕೊಂಡು ಹೊರಬಂದರೆ ಭಾವ ಕಾರಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಕೈಯಲ್ಲಿ ನೊಣ ಹಿಡಿದಿಡುವ ಪುಟ್ಟ ಸೀಸೆ. ಈಗಲೂ ನೊಣವೇ? ನನಗೆ ರೇಗಿತು.

ಬಗ್ಗಿ ನೋಡಿದೆ. ಸೀಸೆಯೊಳಗೆ ಅರಿಶಿನ ಮೆತ್ತಿದ ಬಟ್ಟೆಯ ಗಂಟು. ಕಟ್ಟಲು ಬಾರದವರು ಕಟ್ಟಿದ್ದು. ಸಂದಿಯಲ್ಲಿ ಅಮೆರಿಕದ ನಾಣ್ಯ ಕಾಣುತ್ತಿತ್ತು. ಮುಡಿಪು. ದೇವಸ್ಥಾನಕ್ಕೆ ಬಂದರೂ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುವ ಮನುಷ್ಯ, ನನ್ನ ಕೆಲಸಕ್ಕೆ ಹರಕೆ ಹೊತ್ತು ಕೂತಿದ್ದರು.

"ಯಾವ ದೇವರಿಗೆ, ಭಾವ?"

"ಅದೇ ಗೊತ್ತಾಗ್ಲಿಲ್ಲ" ಎಂದರು ನಾಚಿಕೊಂಡು. "ನಿನ್ನ ಪರೀಕ್ಷೆಗೆಲ್ಲ ನಿಮ್ಮಮ್ಮ ಯಾವ ದೇವರಿಗೆ ಕಟ್ತಿದ್ರು, ಹೇಳು."