ಸಿರಿಲ್ ಉಳಿಸಿದ ಆಲ್ಬಿಯನ್ ಹಾಲ್

ಹಾರ್ಕ್‌ಡೇಲ್‌ನಲ್ಲಿ ಸಿರಿಲ್ ಸಗ್ಡನ್ ತನ್ನ ಅಂಗಡಿಯಲ್ಲಿ ಮೀನು ಕರಿಯಲು ನಿಂತರೆ ಮೂರು ಊರಾಚೆಯ ಬೆಕ್ಕುಗಳು ರೈಲು ಹತ್ತುತ್ತಿದ್ದವು. ಅಂಥ ಅಂಗಡಿಗೆ ಆ ಗುರುವಾರ ಬೆಳಿಗ್ಗೆ ಪುರಸಭೆಯ ಕಾಗದ ಬಂತು. ರಸ್ತೆ ಅಗಲಿಸಲು ಕಟ್ಟಡ ಕೆಡವುತ್ತಾರಂತೆ. ಮಧ್ಯಾಹ್ನ ಅಧಿಕಾರಿ ಬರುತ್ತಾರಂತೆ. ಮೊದಲ ಪುಟಕ್ಕೇ ಸಿರಿಲ್‌ನ ಮುಖ ಆರಿ ಮೆತ್ತಗಾದ ಆಲೂಗಡ್ಡೆ ಚಿಪ್ಸಿನಂತೆ ಜೋತುಬಿತ್ತು.

"ಯಾಕೋ ಅಳ್ತೀಯ, ಮಂಕೇ?" ಎಂದಳು ಪಕ್ಕದ ಮನೆಯ ಎಡಿತ್ ವಿಟ್ವರ್ತ್. ವಯಸ್ಸು ಎಂಬತ್ತು, ಗಂಟಲಿಗೆ ಮಾತ್ರ ಗಿರಣಿಯ ಸೈರನ್ನೂ ಹೆದರುತ್ತಿತ್ತು. "ಇದು ಬರೀ ಅಂಗಡಿ ಅಲ್ಲ ಕಣೋ, ಆಲ್ಬಿಯನ್ ಹಾಲ್! ಹಿಂದೆ ಹಾಡು-ಕುಣಿತದ ರಂಗಮಂದಿರ. ಮೊದಲ್ನೇ ಮಹಾಯುದ್ಧದಲ್ಲಿ ಸಿಪಾಯಿಗಳೆಲ್ಲ ಹಾಡ್ಕೊಂಡು ಹೋದ್ರಲ್ಲ ನೆಲ್ಲಿ ಅನ್ನೋ ಹುಡುಗಿ ಹಾಡು, ಅದು ಹುಟ್ಟಿದ್ದೇ ಇಲ್ಲಿ. ಸಾಬೀತು ಮಾಡು, ಆಮೇಲೆ ಯಾರು ಕೆಡವ್ತಾರೋ ನೋಡೋಣ!"

"ಸಾಕ್ಷಿ ಎಲ್ಲಿದೆ ಅಜ್ಜಿ?"

"ನಿನ್ನ ತಲೆ ಮೇಲೇ! ಜನ ಜತೆಗೆ ಹಾಡ್ಲಿ ಅಂತ ಪಲ್ಲವಿ ಬರೆದ ಪರದೆ ಇಳಿಬಿಡ್ತಿದ್ರು. ಹಾಲ್ ಮುಚ್ಚಿದಾಗ ಸುತ್ತಿ ಮೇಲೆಳೆದ್ರು, ಕೆಳಗೆ ಹಲಗೆ ಹೊಡೆದ್ರು."

ಅಧಿಕಾರಿ ಪಿಲ್ಲಿಂಗ್ ಒಳಗೆ ಕಾಲಿಟ್ಟಾಗ ಅರ್ಧ ಬೀದಿ ಅಂಗಡಿಯಲ್ಲಿತ್ತು. ಸಿರಿಲ್ ಮೇಜಿನ ಮೇಲೆ ಹತ್ತಿ ಹಲಗೆ ಕೀಳುತ್ತಿದ್ದ.

"ಎಳೀ ಜೋರಾಗಿ! ನಿಮ್ಮಪ್ಪ ಮೀನು ತಿನ್ಸಿರ್ಲಿಲ್ವಾ?" ಎಂದಳು ಎಡಿತ್.

ಎಳೆದ. ಮೊದಲು ಎರಡು ಗಾಡಿ ಧೂಳು, ನಾಲ್ಕು ತಲೆಮಾರಿನ ಪಾರಿವಾಳದ ಗೂಡು, ಕಡೆಗೆ ಹಡಗಿನ ಹಾಯಿಯಷ್ಟು ದೊಡ್ಡ ಪರದೆ ಬಿಚ್ಚಿಕೊಂಡು ಪಿಲ್ಲಿಂಗರನ್ನು ನುಂಗಿತು. ಅದರ ಮೇಲೆ ಕೆಂಪಕ್ಷರ: 'ಬಾಗಿಲು ತೆಗೆ ನೆಲ್ಲಿ, ಬಂದೆ ನಾ ಕೆಸರುಗಾಲಲ್ಲಿ!' ಮೂಲೆಯಲ್ಲಿ ೧೯೧೫.

ಎಡಿತ್ ಪಲ್ಲವಿ ಎತ್ತಿಕೊಂಡಳು, ಬೀದಿಯೆಲ್ಲ ದನಿಗೂಡಿಸಿತು. ಆ ಅಬ್ಬರಕ್ಕೆ ಗುಡ್ಡದ ಕುರಿಗಳು ಸಾಲಾಗಿ ನಿಂತು ಕವಾಯತು ಮಾಡಿದವು.

ಪಿಲ್ಲಿಂಗ್ ಪರದೆಯಿಂದ ನುಸುಳಿ ತಲೆಯೆತ್ತಿದರು. ಛಾವಣಿಯ ತುಂಬ ಚಿನ್ನದ ಬಣ್ಣದ ದೇವತೆಗಳು! "ಹಳೇ ರಂಗಮಂದಿರಗಳ ಹುಚ್ಚು ನನಗೆ, ಇಪ್ಪತ್ತು ವರ್ಷ ಹುಡುಕಿದೆನಲ್ಲ ಇದನ್ನೇ!" ಎಂದು ಕಣ್ಣೊರೆಸಿಕೊಂಡರು. "ಸಗ್ಡನ್ನವರೇ, ಇನ್ನು ಇದರ ಒಂದು ಇಟ್ಟಿಗೆ ಮುಟ್ಟೋಕೂ ಯಾರಿಗೂ ಬಿಡಲ್ಲ."

"ಎಲ್ಲರಿಗೂ ಪುಗಸಟ್ಟೆ ಮೀನು!" ಎಂದು ಸಿರಿಲ್ ಒಲೆ ಹಚ್ಚಿದ.

ಪಿಲ್ಲಿಂಗ್ ಹಾರಿ ಬಂದು ಆರಿಸಿದರು. "ಏನ್ರೀ ಇದು? ಮೀನು ಕರಿಯೋ ಕೊಬ್ಬಿನ ಹೊಗೆ ತಾಗಿದ್ರೆ ಚಿನ್ನದ ಬಣ್ಣ ಉಳಿಯುತ್ತಾ? ಇವತ್ತಿಂದ ಇಲ್ಲಿ ಒಲೆ ಹಚ್ಚೋ ಹಾಗಿಲ್ಲ."

"ಮತ್ತೆ ನನ್ನ ಅಂಗಡಿ?"

"ಕಾಗದದ ಎರಡನೇ ಪುಟ ಓದ್ಲಿಲ್ವಾ? ಕೆಡವಿದ್ರೆ ಎದುರುಗಡೆ ಹೊಸ ಅಂಗಡಿ, ಹೊಸ ಒಲೆ ಎಲ್ಲಾ ಕೊಡೋದಿತ್ತು. ಪುಣ್ಯಕ್ಕೆ ಈಗ ಕೆಡವ್ತಿಲ್ವಲ್ಲ!"

ಸಿರಿಲ್ ಅವರ ಕೋಟು ಹಿಡಿದುಕೊಂಡ. "ಕೆಡವಿ ಸಾಹೇಬ್ರೇ! ಈ ಮುದುಕಿ ಸುಳ್ಳಿ! ಆ ಪರದೆ ನಾನೇ ಬರ್ದಿದ್ದು!"

ಯಾರಿಗೂ ಕೇಳಿಸಲಿಲ್ಲ. ಬೀದಿ ಎರಡನೇ ಸಲ ಪಲ್ಲವಿ ಎತ್ತಿಕೊಂಡಿತ್ತು, ಪಿಲ್ಲಿಂಗರದೇ ಎಲ್ಲರಿಗಿಂತ ಜೋರು.