ಅವ್ವ ಮುಗಿಸಿದ ಜರ್ಮನ್ ವಾಕ್ಯ

ಓದಿನ ಹುಚ್ಚು ತಡವಾಗಿ ಹಿಡಿದರೆ ಬೇಗ ಬಿಡುವುದಿಲ್ಲ. ನಾನು ಹತ್ತನೇ ಕ್ಲಾಸು ಪಾಸಾದದ್ದು ಮೂವತ್ನಾಲ್ಕನೇ ವಯಸ್ಸಿನಲ್ಲಿ. ಪರೀಕ್ಷೆಯ ದಿನ ಪಕ್ಕದ ಬೆಂಚಿನ ಹುಡುಗಿ ನನ್ನನ್ನೇ ಮೇಷ್ಟ್ರು ಅಂದುಕೊಂಡು ಎಕ್ಸ್‌ಟ್ರಾ ಶೀಟು ಕೇಳಿದಳು. ನಾನು ಎದ್ದು ಹೋಗಿ ತಂದೂ ಕೊಟ್ಟೆ. ಅವತ್ತಿನಿಂದ ಎಲ್ಲಿ ಪಾಠ ನಡೆದರೂ ನನ್ನ ಕಿವಿ ಅಲ್ಲಿಗೆ ಹೋಗುತ್ತದೆ. ಹೀಗಾಗಿ ಐವತ್ತರ ಹತ್ತಿರದಲ್ಲಿ ಜರ್ಮನ್ ವ್ಯಾಕರಣ ನನ್ನ ಕೊರಳಿಗೆ ಬಿತ್ತು. ಅದರಿಂದ ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿದರೆ ನೀವು ನಗುತ್ತೀರಿ. ಮನೆಯಿಂದ ಹೊರಗೆ ಇರುವಾಗ ನಾನೂ ನಗುತ್ತೇನೆ.

ನರ್ಸಿಂಗ್ ಮುಗಿಸಿದ ಹುಡುಗಿಯರಿಗೆ ಜರ್ಮನ್ ಕಲಿಸುವ ಒಂದು ಕೋಚಿಂಗ್ ಸೆಂಟರು ಚಳ್ಳಕೆರೆಯಲ್ಲಿದೆ. ಅಲ್ಲಿ ನಾನು ಅಟೆಂಡರ್. ದಿನಾ ಬೆಳಿಗ್ಗೆ ಮೊಳಕಾಲ್ಮುರಿನಿಂದ ಬಸ್ಸು ಹತ್ತುತ್ತೇನೆ. ಬೋರ್ಡು ಒರೆಸುವುದು ನನ್ನ ಕೆಲಸ, ಒರೆಸುವ ಮುಂಚೆ ಅದರಲ್ಲಿದ್ದದ್ದನ್ನು ಬರೆದುಕೊಳ್ಳುವುದು ನನ್ನ ಚಟ. ಒಂದು ದಿನ ಮೇಡಂ ಉಪವಾಕ್ಯದ ಪಾಠ ಶುರುಮಾಡಿದರು. ಜರ್ಮನ್ ಭಾಷೆಯಲ್ಲಿ ಮಾಮೂಲಿ ವಾಕ್ಯವಾದರೆ ಕ್ರಿಯಾಪದ ಎರಡನೇ ಸೀಟಿನಲ್ಲಿ ಕೂರುತ್ತದಂತೆ. ಆದರೆ ‘ಯಾಕೆಂದರೆ’ ಅನ್ನುವ ಅರ್ಥದ ‘ವೈಲ್’ ಬಂತೋ, ಒಂದು ಅಲ್ಪವಿರಾಮ ಬೀಳುತ್ತದೆ, ಕ್ರಿಯಾಪದ ಸೀಟು ಬಿಟ್ಟು ಎದ್ದು ಬಸ್ಸಿನ ಕಟ್ಟಕಡೆಗೆ ಹೋಗಿ ಕೂರುತ್ತದೆ. ‘ಅಂತ’ ಅನ್ನುವ ‘ದಾಸ್’ ಬಂದರೂ ಅಷ್ಟೇ. ಇಂಗ್ಲಿಷಿನಲ್ಲಿ ಓದಿದ ಹುಡುಗಿಯರಿಗೆ ಅಲ್ಲಿಯವರೆಗೆ ತಾಳ್ಮೆ ಇರುತ್ತಿರಲಿಲ್ಲ, ಕ್ರಿಯಾಪದವನ್ನು ನಡುದಾರಿಯಲ್ಲೇ ಇಳಿಸಿಬಿಡುತ್ತಿದ್ದರು.

ನಾನು ಡಸ್ಟರ್ ಹಿಡಿದು ಬಾಗಿಲಲ್ಲಿ ನಿಂತವನು ತಡೆಯಲಾರದೆ ಹೇಳಿದೆ, “ಮೇಡಂ, ಇದು ನಮ್ ಕನ್ನಡದಂಗೇ ಐತಲ್ಲ. ನಮ್ಮಲ್ಲೂ ಏನ್ ಮಾಡಿದ್ರು ಅಂತ ತಿಳೀಬೇಕಂದ್ರೆ ಕೊನೇವರೆಗೂ ಕಾಯ್ಬೇಕು.”

“ಹಂಗಾದ್ರೆ ನೀವೇ ಪಾಠ ಮಾಡ್ರಿ ನಾಗರಾಜಣ್ಣ, ನಾನು ಬೋರ್ಡ್ ಒರೆಸ್ತೀನಿ” ಅಂದರು ಮೇಡಂ. ಹುಡುಗಿಯರು ನಕ್ಕರು. ಆದರೆ ಮೇಡಂ ಒಳ್ಳೆಯವರು, ಬಾಯಿಪಾಠಕ್ಕೆ ಅಂತ ಒಂದು ವಾಕ್ಯ ಬರೆದುಕೊಟ್ಟರು. ‘ಇಶ್ ಬ್ಲೈಬೆ ತ್ಸು ಹೌಸೆ, ವೈಲ್ ಮೈನ್ ಫಾಟರ್ ಹೊಯ್ಟೆ ಕೊಮ್ಟ್.’ ನಾನು ಮನೆಯಲ್ಲೇ ಇರುತ್ತೇನೆ, ಯಾಕೆಂದರೆ ಇವತ್ತು ನಮ್ಮಪ್ಪ ಬರುತ್ತಾರೆ ಅಂತ ಅರ್ಥ. ಕೊನೆಯ ‘ಕೊಮ್ಟ್’ ಇದೆಯಲ್ಲ, ಅದೇ ‘ಬರುತ್ತಾರೆ’. ನಮ್ಮಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಉದಾಹರಣೆಗೆ ಬರೆದ ವಾಕ್ಯಕ್ಕೆ ಯಾಕೆ ಅಂಜಬೇಕು ಅಂದುಕೊಂಡೆ.

ನಮ್ಮಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅವರು ಒಂದು ಕಡೆ, ಅಂಚಿನ ಬಣ್ಣದ ಲಾಳಿ ದಾಟಿಸಲು ಅವ್ವ ಇನ್ನೊಂದು ಕಡೆ. ಅಪ್ಪ “ಕೆಂಪು…” ಅಂತ ಅರ್ಧಕ್ಕೆ ಬಿಡುವರು. ಅವ್ವ ಲಾಳಿ ತಳ್ಳಿ “ದಾಟ್ತು” ಅನ್ನುವಳು. ಆ ಮಾತು ಕಿವಿಗೆ ಬೀಳದೆ ಅಪ್ಪ ಮುಂದಿನ ಎಳೆ ಹಾಕುತ್ತಿರಲಿಲ್ಲ. ಮೂವತ್ತೈದು ವರ್ಷ ಹೀಗೇ ನೇಯ್ದು ನೇಯ್ದು ಊಟಕ್ಕೆ ಕೂತಾಗಲೂ ಅದೇ ಚಾಳಿಯಾಗಿತ್ತು. “ಮುದ್ದೆ…” ಅಂದರೆ “ಇಕ್ಕಿದೆ.” “ಬಾಗ್ಲು…” ಅಂದರೆ “ಹಾಕಿದೆ.” ಅವ್ವ ತಾನಾಗಿ ಮಾತು ಶುರುಮಾಡಿದ್ದು ನನಗೆ ನೆನಪೇ ಇಲ್ಲ. ಬರೀ ಮುಗಿಸುತ್ತಿದ್ದಳು. ಅಪ್ಪ ಹೋದ ಮೇಲೆ ಮುಗಿಸಲು ಏನೂ ಉಳಿಯಲಿಲ್ಲ, ಅವಳ ಮಾತೇ ನಿಂತುಹೋಯಿತು. ಡಾಕ್ಟರು ನಾಲಿಗೆ ನೋಡಿದರು, ತಲೆ ಸ್ಕ್ಯಾನ್ ಮಾಡಿಸಿದರು, ಎಲ್ಲಾ ಸರಿಯಾಗಿದೆ ಅಂದರು. ನನ್ನ ಹೆಂಡತಿ ಶಾರದ ದಿನಾ ಅವಳ ಎದುರು ಕೂತು ಮಾತಾಡಿಸುತ್ತಿದ್ದಳು. ಅವ್ವ ಒಂದೇ ಒಂದು ಸಲ ನನ್ನನ್ನು ಬೈದರೂ ಸಾಕು ಅಂತ ನನಗೆ ಆಸೆ. ಅವಳು ಮಾತ್ರ ಮಗ್ಗದ ಆ ತುದಿಯಲ್ಲಿ, ಅಪ್ಪ ಅರ್ಧ ನೇಯ್ದು ಬಿಟ್ಟ ಸೀರೆಯನ್ನು ನೋಡುತ್ತಾ ಕೂರುವಳು. ಆ ಸೀರೆಯನ್ನು ಕತ್ತರಿಸಿ ತೆಗೆಯಲು ನಮಗೆ ಯಾರಿಗೂ ಕೈ ಬರಲಿಲ್ಲ.

ಬೆಳಿಗ್ಗೆ ಬಿಸಿಲು ಮೊದಲು ಬೀಳುವುದು ಆ ಕೋಣೆಗೆ. ನಾನು ಅಪ್ಪನ ಜಾಗದಲ್ಲಿ ಗುಂಡಿಗೆ ಕಾಲು ಬಿಟ್ಟುಕೊಂಡು ದಿನಾ ಆ ವಾಕ್ಯವನ್ನು ಜೋರಾಗಿ ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ “ವೈಲ್ ಮೈನ್ ಫಾಟರ್ ಹೊಯ್ಟೆ…” ಅಂದವನಿಗೆ ಮುಂದಿನದು ಮರೆತುಹೋಯಿತು. ಚೀಟಿ ಹುಡುಕುತ್ತಿದ್ದೆ.

“ಕೊಮ್ಟ್” ಅಂತು ಮಗ್ಗದ ಆ ತುದಿ.

ನೋಡಿದರೆ ಲಾಳಿ ಇಲ್ಲದಿದ್ದರೂ ಅವ್ವನ ಕೈ ಅದನ್ನು ತಳ್ಳಿದ ಹಾಗೆ ಮುಂದೆ ಹೋಗಿ ವಾಪಸ್ಸು ಬರುತ್ತಿತ್ತು. ಶಾರದ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. “ರೀ, ಅತ್ತೆ ಮಾತಾಡಿದ್ರಾ? ಏನಂದ್ರು?”

“ಜರ್ಮನ್ ಮಾತಾಡ್ತು” ಅಂದೆ.

“ಎರಡು ವರ್ಷ ಕಾಯಿಸಿ ಈಗ ನಮಗೆ ತಿಳೀದ ಭಾಷೇಲಾ?” ಅಂದಳು, ಅಳುತ್ತಾ.

ಆಮೇಲೆ ದಿನಾ ಅದೇ ಕೆಲಸವಾಯಿತು. ನಾನು ವಾಕ್ಯ ಹೇಳಿ ಕೊನೆಯನ್ನು ಬಿಡುವುದು, ಅವ್ವ ಮುಗಿಸುವುದು. ಇವತ್ತಲ್ಲ ನಾಳೆ ನನ್ನ ಹತ್ತಿರ ಬೇರೆ ಒಂದು ಮಾತಾಡಿಯಾಳು ಅಂತ ಎರಡು ತಿಂಗಳು ಬಿಡದೆ ಕೂತೆ. ಆದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಹೆಗಲಿನ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ನೋಡುತ್ತಿದ್ದಳು. ಅಪ್ಪ ನನಗಿಂತ ಗೇಣು ಎತ್ತರ ಇದ್ದರು.

ಹೀಗಿರುವಾಗ ಒಂದು ದಿನ ನೆಗಡಿಯಾಗಿ ನನಗೆ ಗಂಟಲು ಕಟ್ಟಿತು. ಒಂದಕ್ಷರವೂ ಹೊರಡದೆ, ಪುಸ್ತಕ ಹಿಡಿದು ಸುಮ್ಮನೆ ಕೂತಿದ್ದೆ. ಅವ್ವ ಗುಂಡಿಯ ಕಡೆಗೆ ಕಿವಿ ಕೊಟ್ಟಳು. ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. “ಕೊಮ್ಟ್” ಅಂದಳು. ಮತ್ತೆ ಕಾದಳು, ಮತ್ತೆ ಅಂದಳು.

“ಯಾರಿಗವ್ವ ಹೇಳ್ತಿರೋದು?” ಅಂತ ಹೇಗೋ ದನಿಯಿಲ್ಲದೆ ಬರೀ ಉಸಿರಿನಲ್ಲೇ ಕೇಳಿದೆ.

ಅವ್ವ ಮೊದಲ ಸಲ ನನ್ನ ಕಡೆ ತಿರುಗಿದಳು. “ಸುಮ್ಕಿರಲೇ. ಎರಡು ತಿಂಗ್ಳಾದ್ರೂ ನೀನು ತಡವರಿಸ್ತೀಯ. ನಿಮ್ಮಪ್ಪ ಎಷ್ಟು ಸಲೀಸಾಗಿ ಹೇಳ್ತಾ ಅವ್ರೆ ನೋಡು.”

ನಾನು ಆಸೆಪಟ್ಟಿದ್ದ ಬೈಗುಳ ಸಿಕ್ಕಿತ್ತು. ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚು. ಹೆಬ್ಬೆಟ್ಟು ಒತ್ತುತ್ತಿದ್ದ ಮನುಷ್ಯ ನನ್ನ ಪಾಠವನ್ನು ನನಗಿಂತ ಮೊದಲು ಕಲಿತಿದ್ದರು. ಗುಂಡಿಯಿಂದ ಕಾಲು ಮೇಲೆ ತೆಗೆದುಕೊಂಡು ಪಕ್ಕಕ್ಕೆ ಸರಿದು ಕೂತೆ, ಅವರಿಗೆ ಇಕ್ಕಟ್ಟಾಗಬಾರದು ಅಂತ.

ಈಗ ಅವ್ವ ಚೆನ್ನಾಗಿ ಮಾತಾಡುತ್ತಾಳೆ. ಶಾರದಳ ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಾಳೆ, ಚಳ್ಳಕೆರೆ ಬಸ್ಸು ರಷ್ ಐತಾ ಅಂತ ಕೇಳುತ್ತಾಳೆ. ಊರಿನವರಿಗೆಲ್ಲ ಸಂತೋಷ. ಬೆಳಿಗ್ಗೆ ಮಗ್ಗದ ಕೋಣೆಯಲ್ಲಿ ಮಾತ್ರ ಅವಳು ಬೇರೆಯವರ ಮಾತು ತಂದು ಮುಟ್ಟಿಸುತ್ತಾಳೆ. ಮೊನ್ನೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ, “ಇವತ್ತು ಪಾಠಕ್ಕೆ ಕೂರಲಿಲ್ಲ ಯಾಕೆ ಅಂತ ನಿಮ್ಮಪ್ಪ ಕೇಳ್ತಾ ಅವ್ರೆ” ಅಂದಳು. ನಾಲ್ಕನೇ ಕ್ಲಾಸಿಗೆ ನನ್ನನ್ನು ಸ್ಕೂಲು ಬಿಡಿಸಿ ಮಗ್ಗಕ್ಕೆ ಕೂರಿಸಿದ್ದೇ ಈ ಅಪ್ಪ.

“ತಲೆನೋವು ಅಂತ ಹೇಳವ್ವ” ಅಂದೆ.

ಅವ್ವ ಖಾಲಿ ಗುಂಡಿಯ ಕಡೆ ತಿರುಗಿ ಹಾಗೇ ಹೇಳಿದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

“ಸುಳ್ಳು ಅಂತಾ ಅವ್ರೆ.”

ಸುಳ್ಳೇ ಆಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಪುಸ್ತಕ ತೆಗೆದೆ. ಬಸ್ಸು ತಪ್ಪಿಹೋಯಿತು.