ಮನಶ್ಶಾಂತಿಯ ನೀಲಿ ಎಣ್ಣೆ

ಎಣ್ಣೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇಂಜಿನಿಯರ್ ಆಗಿ ಹಡಗುಗಟ್ಟಲೆ ಎಣ್ಣೆ ಕಂಡವನಿಗೆ ಹೆಬ್ಬೆರಳು ಗಾತ್ರದ ಸೀಸೆಯೊಂದು ಏನು ತಾನೇ ಕಲಿಸೀತು? ಆ ಸೀಸೆಯನ್ನು ಕೊಟ್ಟವನು ಸಹೋದ್ಯೋಗಿ ಸಲೀಂ. ಕಳೆದ ವರ್ಷ ನಮ್ಮ ಕನ್ನಡ ಕೂಟದ ವಾರ್ಷಿಕೋತ್ಸವಕ್ಕೆ ನನ್ನದು ಸ್ವಾಗತ ಭಾಷಣ. ಮೈಕು ಕಂಡರೆ ನನಗೆ ನನ್ನ ಹೆಸರೂ ಮರೆತುಹೋಗುತ್ತದೆ. "ಕ್ಯಾಮೊಮೈಲ್ ಹೈ ಭಾಯಿ. ದಿಮಾಗ್ ಏಕ್‌ದಂ ಶಾಂತ್. ಪೂರಾ ನ್ಯಾಚುರಲ್" ಎಂದು, ಹಚ್ಚಿದರೆ ಮನಸ್ಸು ತಣ್ಣಗಾಗುತ್ತದೆಂಬ ಭರವಸೆ ಕೊಟ್ಟ ಸಲೀಂ. ನೆಲದಡಿಯಿಂದ ಬರುವ ಕಚ್ಚಾತೈಲವೂ ಪೂರಾ ನ್ಯಾಚುರಲ್ಲೇ ಎಂಬುದು ಆಗ ಹೊಳೆಯಲಿಲ್ಲ.

ಫಿಂಟಾಸಿನ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿ ವಿನಯಾ ಸೀಸೆಯನ್ನು ತಿರುಗಿಸಿ ನೋಡಿದಳು. ಅವಳು ನರ್ಸ್, ಯಾವುದನ್ನೂ ಓದದೆ ನಂಬುವವಳಲ್ಲ. "ಇದು ಸೇವಂತಿಗೆ ಜಾತಿಯ ಹೂವಿನ ಎಣ್ಣೆ ಮಾರಾಯ್ರೆ. ಸೇವಂತಿಗೆ ಮಾಲೆ ಹಾಕಿದ್ರೆ ನಿಮಗೆ ಕುತ್ತಿಗೆ ತುರಿಸ್ತದಲ್ಲ? ಹಚ್ಚಲೇಬೇಡಿ. ಬೇರೆಯವರಾದ್ರೂ ತೆಂಗಿನೆಣ್ಣೆಗೆ ಒಂದೆರಡು ಹನಿ ಬೆರೆಸಿ, ಮೊದಲು ಕೈಗೆ ಸ್ವಲ್ಪ ಹಚ್ಚಿ ನೋಡ್ಬೇಕು. ಕುಡಿಯುವ ಮಾತಂತೂ ಇಲ್ಲ."

ಹೂವಿಗೆ ಹೆದರುವ ಇಂಜಿನಿಯರ್ ಎಂಬ ಬಿರುದು ನನಗೆ ಬೇಕಿರಲಿಲ್ಲ. ಅವಳು ಸೀರೆ ಉಡಲು ಒಳಗೆ ಹೋದದ್ದೇ ತಡ, ಆ ನೀಲಿ ಎಣ್ಣೆಯನ್ನು ಏನೂ ಬೆರೆಸದೆ ಹಣೆಗೂ ಕುತ್ತಿಗೆಗೂ ಧಾರಾಳವಾಗಿ ತಿಕ್ಕಿಕೊಂಡೆ. ಒಣಹುಲ್ಲಿನಂಥ ಸಿಹಿ ವಾಸನೆ ಬಂತು. ಶಾಂತಿಯೂ ಬಂತು, ಆದರೆ ಅದು ಫರ್ವಾನಿಯಾದ ಸಭಾಂಗಣದವರೆಗೆ ನಮ್ಮ ಜೊತೆ ಪ್ರಯಾಣ ಮಾಡಲಿಲ್ಲ. ಅರ್ಧ ದಾರಿಯಲ್ಲಿ ತುರಿಕೆ, ಇಳಿಯುವಷ್ಟರಲ್ಲಿ ಹಣೆ ಕೆಂಡ, ಕಣ್ಣಿನ ರೆಪ್ಪೆ ಇಡ್ಲಿ. ಬಾಗಿಲಲ್ಲಿದ್ದ ಕಾರ್ಯದರ್ಶಿ ಶೇಖರಣ್ಣ, "ಸರ್, ಯಕ್ಷಗಾನದವರ ಬಣ್ಣ ಹಚ್ಚುವ ಕೋಣೆ ಆ ಕಡೆ" ಎಂದರು.

ವಿನಯಾ ಬೈಯಲಿಲ್ಲ. ಅದೇ ಭಯ ಹುಟ್ಟಿಸಿತು. ಸೋಪು ಹಾಕಿ ಮುಖ ತೊಳೆಸಿ, ಅಲರ್ಜಿಯ ಮಾತ್ರೆ ನುಂಗಿಸಿ, "ಉಸಿರು ಸರಿ ಇದೆಯಾ? ತುಟಿ ಊದಿದ್ರೆ ಸೀದಾ ಆಸ್ಪತ್ರೆಗೆ" ಎಂದು ಎದುರಿಗೇ ಕುಳಿತು ನೋಡಿದಳು. ತುಟಿ ಮರ್ಯಾದೆ ಉಳಿಸಿತು. ಅಷ್ಟರಲ್ಲಿ ನನ್ನ ಹೆಸರು ಕರೆದರು. ನನ್ನ ಮೇಲೆ ಕಣ್ಣಿಡಲು ಶೇಖರಣ್ಣನಿಗೆ ಒಪ್ಪಿಸಿ ಅವಳೇ ವೇದಿಕೆ ಹತ್ತಿದಳು. "ನಮ್ಮವರು ಮನಶ್ಶಾಂತಿಯನ್ನು ಸ್ವಲ್ಪ ಜಾಸ್ತಿ ಹಚ್ಚಿಕೊಂಡಿದ್ದಾರೆ. ಅವರ ಪರವಾಗಿ ಎಲ್ಲರಿಗೂ ಸ್ವಾಗತ. ಊಟ ಬಿಸಿಯಾಗಿದೆ." ಅಂಥ ಚಪ್ಪಾಳೆ ನನ್ನ ಯಾವ ಭಾಷಣಕ್ಕೂ ಬಿದ್ದಿರಲಿಲ್ಲ.

ಈ ವರ್ಷ ಶೇಖರಣ್ಣ ಮತ್ತೆ ಫೋನ್ ಮಾಡಿದರು. ಚರ್ಮ ಪೂರ್ತಿ ವಾಸಿಯಾಗಿದೆ, ಭಾಷಣವೂ ಸಿದ್ಧವಿದೆ ಎಂದು ಹುಮ್ಮಸ್ಸಿನಿಂದ ಹೇಳಿದೆ. ಅವರು ಮೊದಲು ಕೇಳಿದ್ದು, ವಿನಯಾ ಮೇಡಂ ಈ ಸಲವೂ ಬರುತ್ತಾರಲ್ಲವೇ, ಹೋದ ಸಲದ ಅವರ ಸ್ವಾಗತವನ್ನು ಜನ ಇನ್ನೂ ನೆನೆಯುತ್ತಾರೆ ಎಂದು.

"ಸರ್," ಎಂದರು ಕೊನೆಗೆ, "ಆ ಎಣ್ಣೆ ಎಲ್ಲಿ ಸಿಗ್ತದೆ?"